ತೊಟ್ಟಿಲಲ್ಲಿ ಹೋದ ರೊಟ್ಟಿ ಗಂಟು

ಆ ತೊಟ್ಟಿಲಿಗೆ ನಾನು ಕೊಟ್ಟದ್ದು ಮುನ್ನೂರು ರೂಪಾಯಿ. ಕಲಘಟಗಿಯ ಚಿತ್ರಗಾರ ಮುನ್ನೂರು ಅಂದ, ನಾನು ಮುನ್ನೂರು ಎಣಿಸಿದೆ. ಎತ್ತಿನ ದಲ್ಲಾಳಿತನ ಮಾಡಿಯೇ ಹೊಲ, ಮನೆ ಕಂಡ ನನ್ನಂಥವನು ಹೇಳಿದ ಬೆಲೆಗೆ ಹೂಂ ಅಂದನೆಂದರೆ ಸುತ್ತಲಿನ ಊರವರು ನಂಬುವುದಿಲ್ಲ. ಕೊತ್ತಂಬರಿ ಕಟ್ಟನ್ನು ಚೌಕಾಶಿ ಮಾಡದೆ ಕೊಂಡ ದಿನ ನನಗೆ ಊಟ ಸೇರುವುದಿಲ್ಲ. ಅಂದು ಕೂಡ ಬಾಯಿ ತೆರೆಯುವವನೇ ಇದ್ದೆ. ಅಷ್ಟರಲ್ಲಿ ಬಾಜು ನಿಂತಿದ್ದ ತಂಗಿ ಗಂಗವ್ವ ಸೆರಗಿನ ಮರೆಯಿಂದ ನನ್ನ ಮೊಣಕೈ ತಿವಿದಳು.

"ಅಣ್ಣಾ, ತೊಟ್ಟಿಲಕ್ಕೂ ಚೌಕಾಶಿ ಮಾಡತೀಯೇನೋ? ಮೊದಲೇ ಮಂದಿ ನೋಡಾಕತ್ತಾರ. ಲಗೂನ ತಗೊಂಡ ನಡಿ."

ಮಂದಿ ನೋಡುವುದಕ್ಕೆ ಕಾರಣವಿತ್ತು. ತೊಟ್ಟಿಲು ಹೊರಟದ್ದು ಅವಳ ಮಗಳು ಶಕುಂತಲೆಗೆ. ಶಕುಂತಲೆಗೆ ಇನ್ನೂ ಮದುವೆಯಾಗಿರಲಿಲ್ಲ.

ಗಾಬರಿಯಾಗಬೇಡಿ. ನಮ್ಮ ಶಕ್ಕು ಮುಂಬಯಿಯಲ್ಲಿ ಬಿ.ಎ. ಮೇಲೆ ಮಾರ್ಕೆಟಿಂಗ್ ಎಂಬ ಎರಡು ವರ್ಷದ ಪದವಿ ಓದಿ, ಇಲ್ಲಿಯ ಕೈಕುಸುರಿಯ ಸಾಮಾನನ್ನು ಹೊರದೇಶಕ್ಕೆ ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಅವಳು ಆ ಓದಿಗೆ ಸೇರಿದಾಗ ನಾನು ನಕ್ಕಿದ್ದೆ.

"ಮಾರೂದು ಕಲಿಯಾಕ ಕಾಲೇಜ ಯಾಕವಾ? ನನ್ನ ಕೂಡ ನಾಕ ಸಂತಿ ತಿರುಗು, ಸಾಕು."

"ಮಾಮಾ, ನೀ ಎತ್ತ ಬೇಕಾದವಗ ಎತ್ತ ಮಾರತಿ. ಬ್ಯಾಡ ಅನ್ನಾವಗ ಹ್ಯಾಂಗ ಮಾರತಿ?"

"ಬ್ಯಾಡ ಅನ್ನಾವನ ಹಂತೇಕ ನಾ ಯಾಕ ಹೋಗಲಿ?"

"ಅದನ್ನ ಕಲಿಯಾಕ ನಾ ಹೊಂಟೇನಿ."

ಈಗ ಆ ಕಂಪನಿ ಜರ್ಮನಿಯ ಹ್ಯಾಂಬರ್ಗ್ ಶಹರದಲ್ಲಿ ಆಫೀಸು ತೆರೆಯಲಿತ್ತು. ಇಲ್ಲಿಂದ ಹೋಗುವ ಜಾಗ ಒಂದೇ. ಆ ಊರಿನ ಅಂಗಡಿಯ ಒಡತಿಯೊಬ್ಬಳು ಮುಂಬಯಿಗೆ ಬರುವವಳಿದ್ದಳು. ಅವಳಿಂದ ಯಾರು ಆರ್ಡರು ಪಡೆಯುತ್ತಾರೋ ಅವರಿಗೇ ಜಾಗ ಎಂದು ಸಾಹೇಬರು ಹೇಳಿದ್ದರು. ಇತ್ತ ಗಂಗವ್ವನೂ ಮಗಳಿಂದ ಮಾತು ತೆಗೆದುಕೊಂಡಿದ್ದಳು: ಈ ಸಲ ಆಗಲಿಲ್ಲವೆಂದರೆ ಊರಿಗೆ ಬಂದು ಅಣ್ಣಿಗೇರಿಯ ವರನಿಗೆ ಹೂಂ ಅನ್ನಬೇಕು. ಶಕ್ಕು ಮಾರಲು ಆರಿಸಿದ್ದು ಕಲಘಟಗಿಯ ಬಣ್ಣದ ತೊಟ್ಟಿಲು. ಅದನ್ನು ಮುಂಬಯಿಗೆ ಮುಟ್ಟಿಸುವ ಕೆಲಸ ನನ್ನದು.

ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಕೇಳಿದ, "ಯಾರಿಗ್ರೀ ಕಾಕಾ, ಮೊಮ್ಮಗಗೇನ್ರಿ?"

"ಜರ್ಮನಿಗೋ."

"ಅಲ್ಲೂ ಬೀಗತನ ಮಾಡೀರೇನ್ರಿ?"

ಖಾಲಿ ತೊಟ್ಟಿಲು ಹೊರಡಬಾರದೆಂದು ಗಂಗವ್ವ ಅದರೊಳಗೆ ಖಡಕ್ ರೊಟ್ಟಿಯ ಗಂಟು ಮಲಗಿಸಿದ್ದಳು. ಮೀರಜಿನಲ್ಲಿ ಗಾಡಿ ಬದಲಿಸುವಾಗ ಹಸಿವಾಯಿತು. ಎರಡು ರೊಟ್ಟಿ ತೆಗೆದೆ, ಗಂಟು ಮಾತ್ರ ತೆಗೆಯಲಿಲ್ಲ.

ಕಂಪನಿಯ ಷೋರೂಮಿಗೆ ಕಾಲಿಟ್ಟೊಡನೆ ಸಾಹೇಬರು ಆ ಗಂಟನ್ನು ಬೆರಳ ತುದಿಯಿಂದ ತೋರಿಸಿ ತೆಗೆಸಿದರು. ಅದನ್ನು ನನ್ನ ಕಾಲ ಬುಡದಲ್ಲಿ ಇಟ್ಟುಕೊಂಡು ಮೂಲೆಯಲ್ಲಿ ಕೂತೆ. ಬೆಳ್ಳಿಕೂದಲಿನ ಎತ್ತರದ ಹೆಂಗಸು ಬಂದಳು. ನೆಟ್ಟಗೆ ತೊಟ್ಟಿಲಿಗೇ ನಡೆದಳು. ಅರಗಿನ ಬಣ್ಣದ ಮೇಲೆ ಕೈಯಾಡಿಸಿದಳು. ನನ್ನೆದೆ ಉಬ್ಬಿತು. ಮರುಕ್ಷಣ ಅವಳು ಖಾಲಿ ತೊಟ್ಟಿಲನ್ನು ಜೋರಾಗಿ ತೂಗಿಬಿಟ್ಟಳು.

"ಏ ಏ, ತೂಗಬ್ಯಾಡ್ರೀ ಬಾಯಾರ!"

ಎದ್ದದ್ದು ಯಾವಾಗ, ಎರಡೂ ಕೈಯಿಂದ ತೊಟ್ಟಿಲು ಹಿಡಿದದ್ದು ಯಾವಾಗ, ನನಗೆ ಗೊತ್ತಾಗಲಿಲ್ಲ. ಬರಿ ತೊಟ್ಟಿಲು ತೂಗಿದರೆ ನಾಳೆ ಅದರಲ್ಲಿ ಮಲಗುವ ಕೂಸಿಗೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಾಹೇಬರ ಮುಖ ತೊಟ್ಟಿಲಿಗಿಂತ ಕೆಂಪಾಯಿತು. ಶಕ್ಕುವಿನ ಜೊತೆ ಪೈಪೋಟಿಗೆ ನಿಂತಿದ್ದ ಟೈ ಕಟ್ಟಿದ ಹುಡುಗ ತನ್ನ ಹಿತ್ತಾಳೆ ದೀಪಗಳನ್ನು ಮೆಲ್ಲಗೆ ಮುಂದೆ ಸರಿಸಿದ. ನಮ್ಮ ಹುಡುಗಿಗೆ ಹ್ಯಾಂಬರ್ಗ್ ಮುಗಿಯಿತು, ಅಣ್ಣಿಗೇರಿ ಶುರುವಾಯಿತು ಅಂದುಕೊಂಡೆ.

ಆ ಜಾಗದಲ್ಲಿ ನಾನಿದ್ದರೆ, ಹಳ್ಳಿಯವ, ತಿಳಿಯದವ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತೇಲಿಸುತ್ತಿದ್ದೆ. ಶಕ್ಕು ಹಾಗೆ ಮಾಡಲಿಲ್ಲ. ಇಂಗ್ಲಿಷಿನಲ್ಲಿ ಏನೋ ಅಂದಳು. ಅದರಲ್ಲಿ 'ಮಾಮಾ' ಎಂಬುದು ಮಾತ್ರ ನನಗೆ ತಿಳಿಯಿತು. ಆಮೇಲೆ ನನ್ನತ್ತ ತಿರುಗಿ, "ಮಾಮಾ, ಆ ಗಂಟ ತಾ" ಅಂದಳು.

ಗಂಟನ್ನು ಕೂಸಿನಂತೆ ಮಲಗಿಸಿದಳು. ನನ್ನ ಹೆಗಲ ಮೇಲಿನ ಟವೆಲ್ಲು ಎಳೆದು ಹೊದಿಸಿದಳು. ಬಾಯಾರ ಕೈಗೆ ಹಗ್ಗ ಕೊಟ್ಟು, ಈಗ ತೂಗಿ ಎಂದು ಸನ್ನೆ ಮಾಡಿದಳು. ಬಾಯಾರು ತೂಗಿದರು. ಒಳಗೆ ರೊಟ್ಟಿ ಕಟಕಟ ಅಂದವು. ಬಾಯಾರು ನಕ್ಕರು, ನಗುತ್ತಲೇ ಮತ್ತಷ್ಟು ಮೆಲ್ಲಗೆ ತೂಗಿದರು.

ಅವರ ಇಂಗ್ಲಿಷ್ ಮಾತನ್ನೆಲ್ಲ ಶಕ್ಕು ಆಮೇಲೆ ಚಹಾದ ಅಂಗಡಿಯಲ್ಲಿ ಬಿಡಿಸಿ ಹೇಳಿದಳು. ಅವಳು ಮೊದಲು ಅಂದದ್ದು, ಇವನು ನನ್ನ ಮಾಮಾ, ನಮ್ಮಲ್ಲಿ ಬರಿ ತೊಟ್ಟಿಲು ತೂಗುವುದಿಲ್ಲ ಎಂದಂತೆ. ಬಾಯಾರು, ನನ್ನ ಅಂಗಡಿಗೆ ಬರುವವರು ಬಹುತೇಕ ವಯಸ್ಸಾದ ಹೆಂಗಸರು, ಅವರಿಗೆ ತೊಟ್ಟಿಲು ಯಾತಕ್ಕೆ ಎಂದರಂತೆ. ಅಂದರೆ ಬೇಡ ಅನ್ನುವ ಗಿರಾಕಿ. ನಾನಾಗಿದ್ದರೆ ಟವೆಲ್ಲು ಕೊಡವಿ ಎದ್ದು ಬರುತ್ತಿದ್ದೆ. ಇವಳು, ಆ ಹೆಂಗಸರ ಮನೆಯಲ್ಲಿ ಯಾರು ಯಾರಿರುತ್ತಾರೆ ಎಂದು ಕೇಳಿದಳಂತೆ. ರವಿವಾರಕ್ಕೊಮ್ಮೆ ಮೊಮ್ಮಕ್ಕಳು ಬರುತ್ತಾರೆ ಎಂಬ ಉತ್ತರ ಬಂತು. ಹಾಗಿದ್ದರೆ ಮೊಳದುದ್ದದ ತೊಟ್ಟಿಲು ಮಾಡಿಸುತ್ತೇನೆ, ಒಳಗೊಂದು ಬಣ್ಣ ಹಚ್ಚಿದ ಕಟ್ಟಿಗೆಯ ಗೊಂಬೆ, ಅದಕ್ಕೆ ಹೊದೆಯಲು ಅಂಗೈಯಗಲ ಕೌದಿ. ನಮ್ಮೂರಿನ ತೊಟ್ಟಿಲು ಖಾಲಿ ಹೋಗುವುದಿಲ್ಲ ಎಂದು ಚೀಟಿಯಲ್ಲಿ ಬರೆದು ಕಟ್ಟುತ್ತೇನೆ ಅಂದಳಂತೆ. ನನ್ನ ಎಡವಟ್ಟನ್ನೇ ಹುಡುಗಿ ಸರಕು ಮಾಡಿಬಿಟ್ಟಿದ್ದಳು!

ಬೆಲೆ ಹೇಳಿದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ನಮ್ಮ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತೇವೆ. ಬೆರಳು ಕೊಟ್ಟ ಮೇಲೆ ಯಾರು ಮೊದಲು ಬಾಯಿಬಿಟ್ಟರೋ ಅವರು ಸೋತಂತೆ. ಶಕ್ಕು ಒಂದು ಬೆಲೆ ಹೇಳಿ ಸುಮ್ಮನಾದಳು. ಸಾಹೇಬರು ಚಡಪಡಿಸಿದರು, ನನ್ನ ನಾಲಿಗೆಯೂ ತುರಿಸಿತು. ಶಕ್ಕು ಮಾತ್ರ ಮುಗುಳ್ನಗುತ್ತ ತೊಟ್ಟಿಲು ತೂಗುತ್ತಿದ್ದಳು. ಚಿಕ್ಕಂದಿನಲ್ಲಿ ಬೆಂಡು ಬತ್ತಾಸಿನ ಆಸೆಗೆ ನನ್ನ ಹಿಂದೆ ಸಂತೆಗೆ ಬರುತ್ತಿದ್ದ ಹುಡುಗಿ ಇದನ್ನು ಯಾವಾಗ ನೋಡಿಕೊಂಡಳೋ! ಕೊನೆಗೆ ಬಾಯಾರೇ ತಲೆಯಾಡಿಸಿ ಕೈ ಚಾಚಿದರು.

ಶಕ್ಕು ಈಗ ಹ್ಯಾಂಬರ್ಗಿನಲ್ಲಿದ್ದಾಳೆ. ಅಲ್ಲಿಂದ ಬೇರೆ ದೇಶಗಳಿಗೂ ಹೋಗಿ ವ್ಯಾಪಾರ ಕುದುರಿಸುತ್ತಾಳೆ. ಮಗಳ ತೊಟ್ಟಿಲಿಗೆ ನಾಚಿದ್ದ ಗಂಗವ್ವ ಈಗ ಕೇಳದವರಿಗೂ ಅದರ ಕಥೆ ಹೇಳುತ್ತಾಳೆ. ಅಣ್ಣಿಗೇರಿಯ ವರನಿಗೆ ಬೇರೆ ಕಡೆ ಮದುವೆಯಾಯಿತು. ಅವನ ಮಗನಿಗೆ ತೊಟ್ಟಿಲು ಕೊಡಿಸಿದವನೂ ನಾನೇ. ಅಂದು ಗಂಗವ್ವ ಬಾಜು ಇರಲಿಲ್ಲವಾದ್ದರಿಂದ ಇಪ್ಪತ್ತು ರೂಪಾಯಿ ಇಳಿಸಿದೆ.

ನಿಮ್ಮ ಮನೆಯಲ್ಲೂ ಈ ಮಾರ್ಕೆಟಿಂಗ್ ಪದವಿ ಓದಿ ಹೊರದೇಶದ ಕನಸು ಕಾಣುವ ಮಕ್ಕಳಿದ್ದರೆ ನನ್ನ ಮಾತು ಕೇಳಿ. ಕೋಟು ಹುಬ್ಬಳ್ಳಿಯಲ್ಲಿ ಹೊಲಿಸಬಹುದು, ಅಲ್ಲಿಯ ಭಾಷೆ ಅಲ್ಲಿಯೇ ಬರುತ್ತದೆ. ಬೆಲೆಯನ್ನು ಒಮ್ಮೆ ಹೇಳಿ ಸುಮ್ಮನಿರುವುದನ್ನು ಮಾತ್ರ ಊರಲ್ಲೇ ಕಲಿಸಿ ಕಳಿಸಿ. ಗಿರಾಕಿ ಬೇಡ ಅಂದರೆ ಅವರ ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಲಿ. ಊರಿನಿಂದ ಬಂದ ಮಾಮಾ ನಾಲ್ಕು ಜನರೆದುರು ಎಡವಿದರೆ, ಇವನು ನನ್ನ ಮಾಮಾ ಎಂದು ಮೊದಲು ಹೇಳಲಿ, ಉಳಿದದ್ದು ಆಮೇಲೆ. ಮತ್ತೆ, ಬುತ್ತಿಗೆ ರೊಟ್ಟಿ ಕಟ್ಟುವಾಗ ಕೈ ಬಿಗಿ ಹಿಡಿಯಬೇಡಿ. ದಾರಿಯಲ್ಲಿ ಎರಡು ಹೊಟ್ಟೆಗೆ ಹೋದರೂ ಗಂಟು ಕೂಸಿನಷ್ಟು ದಪ್ಪ ಉಳಿದಿರಬೇಕು.