ಹದಿನೇಳನೇ ಕಾರ್ಟನ್

೧೯೯೧ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಮನೆ ಸಾಮಾನು ಪ್ಯಾಕ್ ಮಾಡಿ ಬೇರೆ ದೇಶಕ್ಕೆ ಕಳಿಸುವ, ಗಲ್ಫಿನ ಅಲ್ ಕೂಜಿನ ಕಂಪನಿಯೊಂದರಲ್ಲಿ ಈಗ ಹತ್ತೊಂಬತ್ತು ವರ್ಷ. ನಾನು ಪ್ಯಾಕ್ ಮಾಡಿದ ಮನೆಯಲ್ಲಿ ಒಂದು ಚಮಚ ಹಿಂದೆ ಉಳಿಯಿತೆಂದು ಯಾರೂ ದೂರಿದ್ದಿಲ್ಲ.

ನಮ್ಮ ಕ್ರಮವೇ ಹಾಗೆ. ಕೋಣೆಯಲ್ಲಿ ಏನಿದೆಯೋ ಅದೆಲ್ಲ ಕಾರ್ಟನ್ನಿಗೆ. ಯಾವುದು ಬೇಕು, ಯಾವುದು ಬೇಡ ಎಂದು ಕೇಳುತ್ತ ನಿಂತರೆ ಲಾರಿ ಹೊರಡುವುದಿಲ್ಲ. ಒಮ್ಮೆ ಹೊಸಬನೊಬ್ಬ ಕಸದ ಬುಟ್ಟಿಯನ್ನು ಕಸದ ಸಮೇತ ಲಂಡನ್ನಿಗೆ ಕಳಿಸಿಬಿಟ್ಟಿದ್ದ. ಆ ಕತೆ ಹೇಳಿ ಹೇಳಿ ನಾನೂ ಬಹಳ ನಕ್ಕಿದ್ದೇನೆ.

ಕಳೆದ ಚಳಿಗಾಲ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾಕ್ಕೆ ಹೋದೆವು. ಮಗಳ ಜೊತೆ ಇದ್ದ ಅಮೆರಿಕದ ಮುದುಕಿ, ಎಂಬತ್ತು ದಾಟಿದವರು. ಕವಿ. ತಮ್ಮ ದೇಶದಲ್ಲಿ ಕೂಲಿಯವರ ಪರವಾಗಿ ಮೂವತ್ತು ವರ್ಷ ಪತ್ರಿಕೆ ನಡೆಸಿದವರು. ಅವರ ಕಾಗದಪತ್ರವೆಲ್ಲ ಅವರ ಊರಿನ ಒಂದು ಲೈಬ್ರರಿಗೆ ಹೋಗಬೇಕಿತ್ತು.

ಪ್ರತಿ ಕಾರ್ಟನ್ನಿನಲ್ಲಿ ಏನಿದೆ ಎಂದು ಲಿಸ್ಟಿನಲ್ಲಿ ಬರೆಯಬೇಕು. ನನ್ನ ಇಂಗ್ಲಿಷ್ ಗೋದಾಮಿನದು, ಆದರೂ ಕೇಳಿದೆ. ಅವರು ಕುರ್ಚಿಯಲ್ಲಿ ಕುಳಿತು ಹೇಳಿದರು. ಒಂದನೆಯದು, ಅಡುಗೆಮನೆಯ ಮೇಜಿನ ಮೇಲೆ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಚ್ಚು ಹಾಕಿದ ಮೊದಲ ಸಂಚಿಕೆಗಳು. ಐದನೆಯದು, ಯುದ್ಧ ಬೇಡವೆಂದು ರಸ್ತೆಯಲ್ಲಿ ಕುಳಿತು ಜೈಲಿಗೆ ಹೋದಾಗ ಗಂಡನಿಗೆ ಬರೆದ ಪತ್ರಗಳು. ಒಂಬತ್ತರಲ್ಲಿ ಬಟ್ಟೆ ಗಿರಣಿಯ ಮುಷ್ಕರದ ಕವಿತೆಗಳು. ಅವನ್ನು ಹಂಚಿದ್ದಕ್ಕೆ ಮನೆ ಮಾಲೀಕ ಇವರನ್ನು ಪಾತ್ರೆ ಸಮೇತ ಹೊರಗೆ ಹಾಕಿದ್ದನಂತೆ. ಬಸ್ ಸ್ಟಾಪುಗಳ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು.

ನನ್ನ ಜೊತೆಗಾರ ಮೂಡಬಿದ್ರೆಯ ಕೊಂಕಣಿ ಕ್ರಿಶ್ಚಿಯನ್; ನನ್ನನ್ನು ಕಾಕ ಅನ್ನುತ್ತಾನೆ, ನಾನು ಅವನನ್ನು ಪೊರ್ಬು ಅನ್ನುತ್ತೇನೆ. "ಎಂತ ಕಾಕ, ಈ ಅಜ್ಜಿ ಜೈಲಿಗೆಲ್ಲ ಹೋದದ್ದಾ? ನೋಡಿದ್ರೆ ಇರುವೆ ಮೆಟ್ಟುವವರ ಹಾಗೆ ಕಾಣುವುದಿಲ್ಲ ಮಾರಾಯ್ರೆ."

"ನೀನು ಟೇಪ್ ಹಾಕು ಪೊರ್ಬು. ನಿನ್ನನ್ನು ನೋಡಿದ್ರೆ ಕೆಲಸ ಮಾಡುವವನ ಹಾಗೆ ಕಾಣ್ತದಾ?"

ಮೂರು ಗಂಟೆಗೆ ಇಪ್ಪತ್ತೆರಡು ಕಾರ್ಟನ್ ಸೀಲ್ ಆಯಿತು. ನಾಲ್ಕಕ್ಕೆ ಲಾರಿ. ಊಟ ಮಾಡಿ ಸ್ವಲ್ಪ ಮಲಗಿ ಎದ್ದುಬಂದ ಮುದುಕಿ ಖಾಲಿ ಕೋಣೆಯ ಬಾಗಿಲಲ್ಲಿ ನಿಂತರು.

"ಕಿಟಕಿಯ ಕೆಳಗೆ, ನೆಲದ ಮೇಲೆ ಒಂದು ಕಟ್ಟು ಇತ್ತಲ್ಲ?"

"ಪ್ಯಾಕ್ ಆಗಿದೆ ಮೇಡಂ."

"ಅದು ಹರಿದು ಎಸೆಯಲು ಇಟ್ಟದ್ದು. ಅದು ಲೈಬ್ರರಿಗೆ ಹೋಗಬಾರದು."

ಹಿಂದಿನಿಂದ ಜೊತೆಗಾರ, "ಖಲಾಸ್! ಕಾಕನೂ ಕಸದ ಬುಟ್ಟಿ ಕಳಿಸಿದ್ರು" ಅಂದ. ನನ್ನ ಕಿವಿ ಬಿಸಿಯಾಯಿತು.

ಆದರೆ ಯಾವುದು ಎಲ್ಲಿದೆ ಎಂದು ನನಗೆ ಗೊತ್ತಿರುತ್ತದೆ. ಹದಿನೇಳನೇ ಕಾರ್ಟನ್, ಎಡಬದಿ, ಆಲ್ಬಮ್ಮಿನ ಅಡಿಯಲ್ಲಿ. ಟೇಪ್ ಕೊಯ್ದು ಕಟ್ಟನ್ನು ಅವರ ಕೈಗಿಟ್ಟೆ. ರಬ್ಬರ್ ಬ್ಯಾಂಡ್ ತೆಗೆದು ಮೇಲಿದ್ದ ಪತ್ರ ನೋಡಿದರು. ತಾವೇ ಬರೆದದ್ದರ ಕಾರ್ಬನ್ ಪ್ರತಿ.

"ನೀವು ಎಷ್ಟು ಓದಿದ್ದೀರಿ?" ಎಂದು ಕೇಳಿದರು.

"ಏಳು ಪೂರ್ತಿ. ಎಂಟು ಅರ್ಧ."

"ಈ ಪತ್ರ ಯಾರಿಗೆ ಬರೆದೆನೋ ಅವನೂ ಅಷ್ಟೇ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಎರಡು ವರ್ಷ ಕವಿತೆ ಕಳಿಸಿದ. ಎಲ್ಲವೂ ಅವನ ಹಿತ್ತಿಲ ಸೇಬಿನ ಮರದ ಮೇಲೆ. ಜನ ಬೀದಿಯಲ್ಲಿ ಒದೆ ತಿನ್ನುವಾಗ ನಮ್ಮ ಪತ್ರಿಕೆಯಲ್ಲಿ ಮರಕ್ಕೆ ಜಾಗವಿಲ್ಲ, ನಿನ್ನ ಮೂಟೆಯ ಬಗ್ಗೆ ಬರೆ ಅಂತ ನಾನು ಬರೆದೆ. ಆಮೇಲೆ ಅವನು ಏನನ್ನೂ ಕಳಿಸಲಿಲ್ಲ."

ಪತ್ರದ ಮೇಲೆ ಬೆರಳಿಟ್ಟು, "ಕೂಲಿಯವರ ಪತ್ರಿಕೆ ಅಂತ ಹೆಸರು. ಕೂಲಿಯವನು ಏನು ಬರೆಯಬೇಕು ಅಂತ ನಾನು ಹೇಳಿಕೊಟ್ಟೆ" ಅಂದರು.

ಬುದ್ಧಿ ಹೇಳುವುದು ನನ್ನ ಕೆಲಸವಲ್ಲ. ನನ್ನ ಕೆಲಸದ ಪ್ರಶ್ನೆ ಕೇಳಿದೆ. "ಅವರ ಕವಿತೆಗಳೂ ಇದರಲ್ಲೇ ಇವೆಯಾ?"

"ಇವೆ. ಹನ್ನೊಂದು."

"ಬೇರೆ ಎಲ್ಲಾದರೂ?"

"ಇಲ್ಲ."

"ಹಾಗಾದರೆ ಕವಿತೆ ಕಾರ್ಟನ್ನಿಗೆ ಹಾಕುತ್ತೇನೆ ಮೇಡಂ. ನಿಮ್ಮ ಪತ್ರ ನೀವು ಹರಿಯಿರಿ. ಯಾರಿಗೂ ಗೊತ್ತಾಗುವುದಿಲ್ಲ."

ಹೊರಗೆ ಲಾರಿ ಬಂದು ಹಾರ್ನ್ ಹಾಕಿತು. ಅವರು ಪತ್ರವನ್ನು ಎರಡು ಕೈಯಲ್ಲಿ ಹಿಡಿದದ್ದನ್ನು ನೋಡಿದೆ. ಹರಿಯುತ್ತಾರೆ ಎಂದೇ ಎಣಿಸಿದ್ದೆ.

"ಇದನ್ನು ಹರಿದರೆ ಅವನು ತಾನಾಗಿ ನಿಲ್ಲಿಸಿದ ಅಂದುಕೊಳ್ಳುತ್ತಾರೆ" ಎಂದು ಹೇಳಿ ಪತ್ರವನ್ನು ಕವಿತೆಗಳ ಮೇಲೆಯೇ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದರು. "ಒಳಗೆ ಹಾಕಿ."

"ಲಿಸ್ಟಿನಲ್ಲಿ ಏನು ಬರೆಯಲಿ?"

"ಅವನ ಹೆಸರು. ಪಕ್ಕದಲ್ಲಿ, ಕವಿ."

ಒಂದೊಂದೇ ಅಕ್ಷರ ಅವರು ಹೇಳಿದರು, ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ಟೇಪ್ ಎರಡು ಸುತ್ತು ಹಾಕಿದೆ. ವಾಪಸು ಬರುವಾಗ ಜೊತೆಗಾರ ಕಸದ ಬುಟ್ಟಿಯ ಮಾತು ತೆಗೆಯಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಊರಿನಲ್ಲಿ ಒಂದು ಮನೆ, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಕೈಕೆಳಗೆ ನಾಲ್ಕು ಜನ, ಎರಡು ಟೇಪ್ ಗನ್, ಒಂದು ಚಾಕು, ಆ ದಿನದ ಲಿಸ್ಟಿನ ಒಂದು ಪ್ರತಿ. ದೂರು, ಒಂದೂ ಇಲ್ಲ.