ನಾಯಿಕೊಡೆಗಳ ದೇಶ ಕಟ್ಟಿದ ಕತೆ

ಮೊನ್ನೆ ಮೊಮ್ಮಗಳು ಮೊಬೈಲ್ ಗೇಮ್ ತೋರಿಸಿದಳು. ಪರದೆಯ ತುಂಬ ಮರದೆತ್ತರದ ನಾಯಿಕೊಡೆಗಳು! ಗಿಡವಿಲ್ಲ, ಹುಲ್ಲಿಲ್ಲ. ‘ಅಜ್ಜಿ, ಇಲ್ಲಿ ಮನಿ ಹ್ಯಾಂಗ ಕಟ್ಟೂದು? ಒಂದೂ ರಿಸೋರ್ಸ್ ಇಲ್ಲ’ ಎಂದು ಗೊಣಗಿದಳು.

‘ದಂಟು ಕೊರದು ಒಳಗ ಇರು. ಟೊಪ್ಪಿಗಿ ಕಿತ್ತು ಅಂಗಾತ ಇಡು, ಮಳಿನೀರು ತುಂಬ್ತದ. ಬುಡದಾಗಿನ ಬಿಳಿ ಎಳಿ ತಗದು ಅರಿವಿ ನೇಯಿ’ ಎಂದೆ.

ಅವಳು ಕಣ್ಣರಳಿಸಿದಳು. ಎಂಬತ್ತು ದಾಟಿದ, ಫೋನ್ ಲಾಕ್ ತೆಗೆಯಲೂ ಬಾರದ ಅಜ್ಜಿಗೆ ಇದೆಲ್ಲ ಹೇಗೆ ಗೊತ್ತು?

ಗೊತ್ತು. ಅಂಥದೊಂದು ದೇಶವನ್ನು ನಾನೂ ಜೈನಬಿಯೂ ಕಲಬುರಗಿ ಸೀಮೆಯ ಕಮಲಾಪುರದಲ್ಲಿ ಕಟ್ಟಿದ್ದೆವು. ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ, 1948.

ಜೈನಬಿ ಪಕ್ಕದ ಬಾಳೆತೋಟದ ಲಾಲಸಾಬ್ ಚಾಚಾನ ಮಗಳು. ನನ್ನದೇ ವಯಸ್ಸು. ನಿಜಾಮರ ಪರ ದಾಳಿ ಮಾಡುತ್ತಿದ್ದ ರಜಾಕಾರರ ಭಯದಲ್ಲಿ ನಾವು ಬಾಗಿಲು ಹಾಕಿಕೊಂಡಾಗ ನಮ್ಮ ಅಂಗಳದಲ್ಲಿ ಕಾವಲು ಕೂತವರು ಈ ಚಾಚಾ. ಆಮೇಲೆ ಮಿಲಿಟರಿ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಭಯ ಮಾತ್ರ ಮುಗಿಯಲಿಲ್ಲ, ಮನೆ ಬದಲಿಸಿತು ಅಷ್ಟೆ; ಈಗ ಹೆದರುವ ಸರದಿ ಮುಸ್ಲಿಮರದು. ಬಾಳೆಹಣ್ಣು ಮಾರಲು ಕಲಬುರಗಿಗೆ ಹೋಗಿದ್ದ ಚಾಚಾ ಹಿಂತಿರುಗಲಿಲ್ಲ. ಅವ್ವ ಜೈನಬಿಯನ್ನೂ ಅವಳ ತಾಯಿಯನ್ನೂ ನಮ್ಮ ಒಳಕೋಣೆಗೆ ಕರೆತಂದಳು. ಅಪ್ಪ ಚಾಚಾನನ್ನು ಹುಡುಕಲು ಗಾಡಿ ಕಟ್ಟಿದರು.

‘ಹೊರಗ ಕಾಲಿಟ್ರ ನೋಡ್ರಿ!’ ಅವ್ವನ ಆರ್ಡರ್.

ಒಳಕೋಣೆಯಲ್ಲಿ ಏನಿತ್ತು? ಜೋಳದ ಚೀಲ, ಸೋರುವ ಗೋಡೆ, ಅದಕ್ಕೊರಗಿದ ಹಳೆಯ ದಿಮ್ಮಿ. ಮಳೆಗಾಲ ನೋಡಿ, ದಿಮ್ಮಿಯ ಮೈತುಂಬ ನಾಯಿಕೊಡೆ ಎದ್ದಿದ್ದವು.

‘ಇದು ನಮ್ಮ ದೇಶ’ ಎಂದಳು ಜೈನಬಿ.

ಸರಿ, ದೇಶವೆಂದ ಮೇಲೆ ಬದುಕಬೇಕಲ್ಲ? ದಂಟು ಮನೆಯಾಯಿತು. ಒಣಗಿದ ಟೊಪ್ಪಿಗೆ ಚಕ್ಕಡಿಯ ಗಾಲಿಯಾಯಿತು, ಎಳೆಯಲು ಜೋಡಿ ಓಡುಹುಳ. ಕೆಂಪು ಪುಡಿ ಉದುರಿಸುವ ಜಾತಿಯಿಂದ ಸೀರೆಗೆ ಬಣ್ಣ. ಸೂರ್ಯನಿಲ್ಲದ ದೇಶಕ್ಕೆ ಹೊಳೆಯುವ ನಾಯಿಕೊಡೆಯೇ ದೀಪ. ಉಪ್ಪು? ಅಲ್ಲಿ ಜಗಳವಾಯಿತು. ತೇವಕ್ಕೆ ಗೋಡೆಯ ಮೇಲೆ ಪುಡಿಪುಡಿಯಾಗಿ ಎದ್ದ ಬಿಳಿ ಲೋಣವೇ ಉಪ್ಪು ಎಂದು ನಾನು ನೆಕ್ಕಿ ತೋರಿಸಿದೆ. (ನೀವು ನೆಕ್ಕಬೇಡಿ.)

ಒಂದು ಮಧ್ಯಾಹ್ನ ಯಾರೋ ಗಂಡಸರು ಬಾಗಿಲು ಬಡಿದರು. ‘ಒಳಗ ಯಾರ್ ಅದಾರ?’

‘ಬಾಣಂತಿ ಅದಾಳ್ರೀ’ ಎಂದಳು ಅವ್ವ. ‘ಬರ್ತೀರೇನು?’

ಯಾರು ಬರುತ್ತಾರೆ? ಹೆಜ್ಜೆ ಸಪ್ಪಳ ದೂರವಾಯಿತು. ಜೈನಬಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಜೋಳದ ಚೀಲದ ಹಿಂದೆ ಕೂತಿದ್ದರು. ಜೈನಬಿ ದಿಮ್ಮಿಯ ಬಿಳಿ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಪಿಸುಗುಟ್ಟಿದಳು: ‘ಇದು ನೆಲದಾಗ ಹಾದು ಗುಲಬರ್ಗಾ ತನಕ ಹೋಗ್ಯಾದ. ಮುಟ್ಟಿದ್ರ ಎಲ್ಲಾ ತಿಳೀತದ. ನೀ ಮುಟ್ಟಿ ಹೇಳು, ಅಬ್ಬಾ ಅದಾರೇನು?’

ಮುಟ್ಟಿದೆ. ‘ಅದಾರ. ಹಣ್ಣು ಮಾರಾಕತ್ತಾರ’ ಎಂದೆ.

ಅವಳು ನಂಬಿದಳು. ನಾನು? ರಾತ್ರಿ ಅವ್ವನ ಮಗ್ಗುಲಿಗೆ ಮುದುಡಿ ಮಲಗಿದೆ.

ಕೊನೆಗೊಂದು ಸಂಜೆ ಅಪ್ಪನ ಗಾಡಿ ಬಂತು. ಇಳಿದವರನ್ನು ಕಂಡು ಜೈನಬಿ ಹಿಂದೆ ಸರಿದಳು. ಚಾಚಾನ ಗಡ್ಡವಿರಲಿಲ್ಲ. ಗುರುತು ಸಿಗದಿರಲೆಂದು ತಾವೇ ಬೋಳಿಸಿಕೊಂಡಿದ್ದರು. ಅಲ್ಲಿನ ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯೊಬ್ಬರು ತೊಗರಿ ಚೀಲಗಳ ನಡುವೆ ಅವರನ್ನು ಅಡಗಿಸಿಟ್ಟು, ದಿನಾ ಎರಡು ಹೊತ್ತು ಊಟ ಹಾಕಿದ್ದರಂತೆ. ‘ಬೇಟಿ’ ಎಂದರು ಚಾಚಾ. ದನಿ ಕೇಳಿದ್ದೇ ತಡ, ಅವಳು ಓಡಿಹೋಗಿ ಆ ನುಣುಪು ಗಲ್ಲ ಸವರಿ ಸವರಿ ನೋಡಿದಳು. ಅವ್ವ ಅಳುತ್ತಲೇ ಚಹಾಕ್ಕಿಟ್ಟಳು.

ನಮ್ಮ ದೇಶದ ವರದಿಯನ್ನು ಚಾಚಾ ಪೂರ್ತಿ ಕೇಳಿದರು. ‘ಎಲ್ಲಾ ಛಲೋ ಅದ. ಖರೆ, ಚಹಾ ಹ್ಯಾಂಗ ಕಾಸ್ತೀರಿ? ಎಲ್ಲಾ ತೊಯ್ದಾದ, ಬೆಂಕಿ ಹತ್ತಬೇಕಲ್ಲ?’

‘ಬೆಂಕಿ ಇಲ್ಲ ಅಬ್ಬಾ’ ಎಂದಳು ಜೈನಬಿ. ‘ಅದಕ್ಕ ಅಲ್ಲಿ ಯಾರ ಮನೀನೂ ಸುಡಂಗಿಲ್ಲ.’

ದೊಡ್ಡವರೆಲ್ಲ ಲೋಟ ಕೆಳಗಿಟ್ಟರು. ಚಾಚಾನ ಮುಖ ನೋಡಿ ನಮಗೇ ಪಾಪವೆನಿಸಿತು. ಚಹಾ ಇಲ್ಲದೆ ಅವರು ಬದುಕುವುದುಂಟೇ? ಇಬ್ಬರೂ ಮೂಲೆಗೆ ಹೋಗಿ ಸಭೆ ನಡೆಸಿ ಕಾನೂನು ಮಾಡಿದೆವು: ಬೆಂಕಿ ಇರಬಹುದು, ಆದರೆ ಚಹಾದ ಪಾತ್ರೆಯ ಕೆಳಗೆ ಮಾತ್ರ.

ಇಷ್ಟು ಸುಲಭದ ಕಾನೂನು ದೊಡ್ಡವರಿಗೆ ಯಾಕೆ ಹೊಳೆಯುವುದಿಲ್ಲ?