ಡೈರಿ ಕಟ್ಟೆಯ ಮೇಲೆ ಹಾಕಿಸಿದ ಸೂಜಿ

ಮುಚ್ಚಿದ ಬಾಗಿಲಿನ ಮುಂದೆ ನಿಂತು ಮಾತಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹದಿನೆಂಟು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ, ಕೆಜಿಎಫ್‌ನ ಗಣಿ ಲೈನುಗಳಿಂದ ಬೂದಿಕೋಟೆಯವರೆಗೆ ಸುತ್ತಿದವಳು ನಾನು. ಹುಟ್ಟಿದ್ದು ಕೂಲಿಯವರ ಮನೆಯಲ್ಲಿ, ಓದಿದ್ದು ಏಳನೇ ಕ್ಲಾಸು. ತೆಲುಗಿನವರ ಹತ್ತಿರ ತೆಲುಗು, ತಮಿಳಿನವರ ಹತ್ತಿರ ತಮಿಳು ಆಡಿ ಆಡಿಯೇ ವ್ಯಾಪಾರ ಕಲಿತೆ. ಈಗ ಆಂಡರ್ಸನ್‌ಪೇಟೆಯಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ.

ಮೊನ್ನೆ ಅವರೆಕಾಯಿ ಕಾಲದಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಅಂಗಡಿಗೆ ಬಂದಳು. ಅವಳ ತಾಯಿ ನನ್ನ ಹಳೇ ಗಿರಾಕಿ. ಬೇತಮಂಗಲದ ಕಡೆ ಅವಳ ಹಳ್ಳಿಯ ಸುತ್ತಮುತ್ತ ದಡಾರ ಕಾಣಿಸಿಕೊಂಡಿದೆ, ಲಸಿಕೆ ತಪ್ಪಿಸಿಕೊಂಡ ಮಕ್ಕಳನ್ನು ಮನೆ ಮನೆಗೆ ಹೋಗಿ ಕರೆತರಬೇಕು, ಒಬ್ಬಳ ಕೈಲಿ ಆಗುವುದಿಲ್ಲ ಎಂದಳು. “ಅಕ್ಕಾ, ಆ ಊರಾಗೆ ನಿಮ್ಮ ಪಾತ್ರೆ ಇಲ್ದಿರೋ ಮನೆ ಇಲ್ಲ. ಒಂದ್ ದಿನ ಬನ್ನಿ.” ಹೊಗಳಿಕೆ ಕೇಳಿ ಸರಕು ಬಿಟ್ಟುಕೊಡುವವಳಲ್ಲ ನಾನು. ಆದರೂ ಅದು ನಿಜವಾದ ಮಾತಾಗಿತ್ತು, ಒಪ್ಪಿಕೊಂಡೆ.

ಹೊರಡುವ ಬೆಳಗ್ಗೆ ಹಿತಕವರೆ ಸಾರು ಮಾಡಿದೆ. ನಮ್ಮ ಮನೆಯವರಿಗೆ ಅದಿಲ್ಲದಿದ್ದರೆ ಚಳಿಗಾಲ ಬಂದ ಹಾಗೇ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಮಸಾಲೆ ಬಾಡಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸುವ ಹೊತ್ತಿಗೆ ಆ ಘಮ ಕೂದಲಿಗೂ ಸೀರೆಗೂ ಹತ್ತಿರುತ್ತದೆ. ಮುದ್ದೆಯ ಜೊತೆ ಇಬ್ಬರೂ ಉಂಡೆವು.

“ನೀ ಓಗು, ಅಂಗಡಿ ನಾನ್ ನೋಡ್ಕೊತೀನಿ,” ಅಂದರು ಅವರು.

“ನೋಡ್ಕೊಳ್ಳಿ, ಆದ್ರೆ ಯಾರಿಗೂ ಮಾತು ಕೊಡ್ಬೇಡಿ. ಕುಕ್ಕರ್ ಕೇಳಿದ್ರೆ ಅವ್ಳು ಬರ್ಲಿ ಅನ್ನಿ.”

“ಅಂಗಾದ್ರೆ ನಾನ್ಯಾಕೆ, ಒಂದು ಬೊಂಬೆ ಕೂರ್ಸು.”

“ಬೊಂಬೆ ಆದ್ರೆ ಜೊತೆಗೆ ಸೌಟು ಬಿಟ್ಟಿ ಕೊಡಲ್ಲ.”

ಹೊಸ ಸೀರೆ ಉಟ್ಟೆ. ತಿಳಿ ನೀಲಿ, ರೇಷ್ಮೆ ಅಂಚು. ನಾಲ್ಕು ಮನೆಗೆ ಹೋಗುವಾಗ ಚೆನ್ನಾಗಿ ಉಟ್ಟು ಹೋಗಬೇಕು. ಹರಕು ಉಟ್ಟವರ ಮಾತನ್ನು ಜನ ಅರ್ಧ ಕಿವಿಯಲ್ಲಿ ಕೇಳುತ್ತಾರೆ.

ಬಸ್ಸಿಳಿದಾಗ ಆಶಾ ಪಟ್ಟಿ ಹಿಡಿದು ನಿಂತಿದ್ದಳು. ಲಸಿಕೆ ಹಾಕುವ ನರ್ಸಮ್ಮ ಅಂಗನವಾಡಿಯಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಹತ್ತೂವರೆಗೆ ಮೊದಲ ಮಗು ಬಂತು, ಔಷಧಿಯ ಸೀಸೆ ಒಡೆದರು. “ಒಡೆದ ಮೇಲೆ ನಾಲ್ಕೇ ಗಂಟೆ,” ಎಂದು ನನಗೆ ಹೇಳಿದರು. “ಎರಡೂವರೆ ಆದ್ಮೇಲೆ ಉಳಿದಿದ್ದನ್ನ ಯಾರಿಗೂ ಹಾಕೋ ಹಾಗಿಲ್ಲ. ಎಸೀಬೇಕು. ಅಷ್ಟರಲ್ಲಿ ಕರ್ಕೊಂಡು ಬನ್ನಿ.” ಗಡುವು ಇಟ್ಟು ಕೆಲಸ ಕೊಡುವವರನ್ನು ಕಂಡರೆ ನನಗೆ ಇಷ್ಟ.

ಮೊದಲೆರಡು ಬೀದಿ ಸಲೀಸು. ಒಬ್ಬಳು ಮಾತ್ರ ಬಾಗಿಲಲ್ಲೇ ತಡೆದಳು. “ಸೂಜಿ ಆಕುದ್ರೆ ಜ್ವರ ಬತ್ತೈತಂತೆ. ನಾ ಮಗ ಎತ್ಕೊಂಡು ಕೂತ್ರೆ ಕೂಲಿಗ್ಯಾರ್ ಓಗೋರು?” ಜ್ವರ ಬರುವುದಿಲ್ಲ ಎಂದು ಆಶಾ ಹೇಳಲು ಹೊರಟಳು. ನಾನು ಅವಳ ಕೈ ಒತ್ತಿದೆ. “ಬರಬಹುದು ಕಣಮ್ಮ, ಒಂದೆರಡು ದಿನ ಬೆಚ್ಚಗಾಗಬಹುದು. ದಡಾರ ಬಂದ್ರೆ ಎಷ್ಟು ದಿನ ಕೂರ್ಬೇಕು, ನೀನೇ ಲೆಕ್ಕ ಹಾಕು,” ಅಂದೆ. ಮಗುವಿಗೆ ಟೋಪಿ ಹಾಕಿ ಹೊರಟೇಬಿಟ್ಟಳು. ನಿಮಗೂ ಹೇಳುತ್ತೇನೆ: ಸರಕಿನ ಕುಂದನ್ನು ನೀವೇ ಮೊದಲು ತೋರಿಸಿಬಿಡಿ. ಗಿರಾಕಿ ತಾನಾಗಿ ಕಂಡುಹಿಡಿದರೆ ಅದು ಎರಡರಷ್ಟು ದೊಡ್ಡದಾಗಿ ಕಾಣುತ್ತದೆ.

ಪಟ್ಟಿಯಲ್ಲಿ ಉಳಿದದ್ದು ಒಂದೇ ಮನೆ, ಹತ್ತು ತಿಂಗಳ ಗಂಡುಮಗು. ಒಂಬತ್ತು ತಿಂಗಳಿಗೆ ಹಾಕಿಸಬೇಕಿದ್ದಾಗ ತಾಯಿ ಆಂಧ್ರದ ಕಡೆ ತವರಿನಲ್ಲಿದ್ದಳು, ತಪ್ಪಿಹೋಗಿತ್ತು. ಪಟ್ಟಿಯ ಮೇಲೆ ಕಣ್ಣಿಟ್ಟು, ಎಲ್ಲ ಮುಗಿಯಿತೆಂಬ ಹಿಗ್ಗಿನಲ್ಲಿ ಜಗುಲಿ ಹತ್ತಿಬಿಟ್ಟೆ.

“ನಿಲ್ಲು ಅಲ್ಲೇ.”

ತಲೆ ಎತ್ತಿದೆ. ಬಾಗಿಲಿನ ಎರಡೂ ಕಡೆ ಬೇವಿನ ಸೊಪ್ಪು, ಇನ್ನೂ ಬಾಡಿರಲಿಲ್ಲ. ಹೊಸ್ತಿಲಲ್ಲಿ ಎಪ್ಪತ್ತು ದಾಟಿದ ಹೆಂಗಸು, ಮಗುವಿನ ಅಜ್ಜಿ. ನಮ್ಮ ಕಡೆ ಅಂಥವರನ್ನು ಅವ್ವ ಅನ್ನುತ್ತೇವೆ.

“ಏನ್ ತಿಂದ್ ಬಂದಿದ್ದೀಯ?”

“ಹಿತಕವರೆ ಸಾರು, ಅವ್ವ.”

“ಒಗ್ಗರಣೆ ವಾಸ್ನೆ ಬೀದೀಗಂಟ ಒಡೀತೈತೆ. ಅಮ್ಮೋರು ಕೂತವ್ರೆ ಮನ್ಯಾಗೆ. ನಿಮ್ಮೂರಾಗೆ ಬೇವು ಕಟ್ಟಲ್ವಾ? ಕಣ್ಣು ಎಲ್ಲಿಟ್ಟಿದ್ದೆ?”

ನಾಚಿಕೆಯಿಂದ ಇಳಿದೆ. ದಡಾರವೋ ಸೀತಾಳೆಯೋ ಆದ ಮನೆಗೆ ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಅವಳು ಇರುವಷ್ಟು ದಿನ ಒಲೆಯ ಮೇಲೆ ಎಣ್ಣೆ ಕಾಯಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಒಳಗೆ ಹೋಗುವುದಿಲ್ಲ, ಒಳಗಿನವರು ಬೇರೆ ಮನೆ ಮೆಟ್ಟುವುದಿಲ್ಲ. ನನ್ನ ತಾಯಿಯೂ ಹೀಗೇ ಮಾಡುತ್ತಿದ್ದಳು. ಬುಟ್ಟಿ ಹೊತ್ತ ಕಾಲದಲ್ಲಿ ಬೇವು ಕಂಡರೆ ಬೀದಿಯ ತುದಿಯಿಂದಲೇ ತಿರುಗಿ ಹೋಗುತ್ತಿದ್ದವಳು ನಾನು. ಅಂಗಡಿ ಇಟ್ಟ ಮೇಲೆ ಬಾಗಿಲು ನೋಡುವ ಅಭ್ಯಾಸ ತಪ್ಪಿತ್ತು.

ಹಿರಿಯ ಮೊಮ್ಮಗಳಿಗೆ, ನಾಲ್ಕು ವರ್ಷದವಳಿಗೆ, ಹಿಂದಿನ ದಿನವಷ್ಟೇ ಮೈಮೇಲೆ ಗುಳ್ಳೆ ಎದ್ದಿತ್ತು. ಆಶಾಗೂ ಸುದ್ದಿ ಮುಟ್ಟಿರಲಿಲ್ಲ. ಅವಳು ನನ್ನ ತಪ್ಪಿನ ಮೇಲೆ ತನ್ನದೊಂದು ಸೇರಿಸಿದಳು. “ಅವ್ವಾ, ಇದು ವೈರಸ್ಸು. ಅಮ್ಮ ಗಿಮ್ಮ ಏನಿಲ್ಲ. ಚಿಕ್ಕದಕ್ಕೆ ಸೂಜಿ ಆಕಿಸ್ಲೇಬೇಕು.”

“ಅಮ್ಮೋರು ಇರೋ ಮನೆಗೆ ಸೂಜಿ ತತ್ತೀಯಾ? ಓಗಮ್ಮಿ,” ಎಂದು ಅವ್ವ ಬಾಗಿಲು ಹಾಕಿಕೊಂಡಳು.

ಆಶಾ ಅಲ್ಲಿಂದಲೇ ಸಿಸ್ಟರ್‌ಗೆ ಫೋನ್ ಮಾಡಿದಳು. ಅವರು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಎರಡು ಮಕ್ಕಳೂ ಒಂದೇ ಚಾಪೆಯಲ್ಲಿ ಮಲಗುವವರು. ಈಗ ಹಾಕಿದರೆ ಚಿಕ್ಕದಕ್ಕೆ ತಪ್ಪಬಹುದು, ಖಾತ್ರಿ ಇಲ್ಲ, ಆದರೆ ಒಂದೊಂದು ದಿನ ಕಳೆದಷ್ಟೂ ಕಷ್ಟ. ಅಷ್ಟು ಎಳೆಯ ಮಗುವಿಗೆ ಬಂದರೆ ಎದೆಗೆ ಇಳಿಯುತ್ತದೆ. ದೊಡ್ಡವಳಿಗೂ ವಿಟಮಿನ್ ಹನಿ ಹಾಕಬೇಕು, ಉಸಿರಾಟದ ಮೇಲೆ ಕಣ್ಣಿಡಬೇಕು. ಫೋನ್ ಇಟ್ಟು ಆಶಾ ಪೆನ್ನು ತೆಗೆದಳು. “ನಿರಾಕರಿಸಿದರು ಅಂತ ಬರ್ಕೊತೀನಿ ಅಕ್ಕ. ನನ್ನ ಕೆಲ್ಸ ನಾನ್ ಮಾಡಿದೀನಿ.”

“ಪೆನ್ನು ಒಳಗಿಡು,” ಅಂದೆ. ಗಂಟೆ ಹನ್ನೆರಡೂ ಮುಕ್ಕಾಲು.

ಕಿಟಕಿಯಿಂದ ದೂರ ನಿಂತು ಕೂಗಿದೆ. “ಅವ್ವಾ, ತಪ್ಪು ನಂದು. ಏನ್ ಮಾಡಿದ್ರೆ ಸರಿಹೋಗ್ತದೆ, ನೀವೇ ಹೇಳಿ.”

ಒಳಗಿನಿಂದಲೇ ಉತ್ತರ ಬಂತು. “ನೀರುಯ್ಕೊ.”

ಜಗುಲಿಯ ಕೆಳಗೆ ಬೇವು, ಅರಿಶಿಣ ಹಾಕಿದ ನೀರಿನ ಬಕೆಟ್ಟು ಇತ್ತು. ಹೊರಗೆ ಹೋಗಿ ಬಂದ ಮನೆಯವರು ಕಾಲು ತೊಳೆಯಲು ಇಟ್ಟದ್ದು. ಕಾಲಿಗೆ ಚಿಮುಕಿಸಿಕೊಂಡು ಮುಗಿಸಬಹುದಿತ್ತು. ಆದರೆ ಗಿರಾಕಿ ನೋಡುತ್ತಿರುವಾಗ ತಕ್ಕಡಿಯಲ್ಲಿ ಜಿಪುಣತನ ಮಾಡಬಾರದು. ಹೊಸ ಸೀರೆಯಲ್ಲಿ, ನಡುಬೀದಿಯಲ್ಲಿ, ಬಕೆಟ್ಟನ್ನು ಎತ್ತಿ ತಲೆಯ ಮೇಲೆ ಸುರಿದುಕೊಂಡೆ. ಚಳಿಗೆ ಹಲ್ಲು ಕಟಕಟ ಅಂದವು. ಎದುರು ಮನೆಯ ಹೆಂಗಸು ಹೊರಬಂದು ಆಶಾಳನ್ನು ಕೇಳಿದಳು, “ಯಾರ್ಗಮ್ಮ ಅಮ್ಮ ಆಗಿರೋದು, ಮಗೀಗಾ, ಈಯಮ್ಮಂಗಾ?”

ಬಾಗಿಲು ತೆರೆಯಿತು. ಅವ್ವ ಜಗುಲಿಯ ತುದಿಗೆ ಬಂದು ಕೂತಳು. ಬಾಯಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. “ಈಗ ಏಳು, ಏನ್ ನಿಂದು.”

“ನಿಮ್ಮ ಮಾತು ನಾನು ನಡೆಸ್ದೆ. ನನ್ನದೂ ಒಂದು ನಡೆಸ್ಬೇಕು. ಅಮ್ಮೋರು ದೊಡ್ಡವಳ ಹತ್ರ ಕೂತಿರಲಿ. ಚಿಕ್ಕವನಿಗೆ ಸೂಜಿ ಹಾಕಿಸೋಣ.”

“ಮನೆಗ್ ಬಂದ್ ಮ್ಯಾಗೆ ಎಲ್ಲಾ ಮಕ್ಳೂ ಅವ್ರವೇ.”

“ಅವ್ರವೇ. ಮನೆ ಒಳಗೆ ಹಾಕೋದು ಬೇಡ. ಹೊರಗೆ?”

ಅವ್ವ ಯೋಚಿಸಿದಳು. ಬೇಡ ಎನ್ನುವ ಬದಲು ಯೋಚಿಸಿದರೆ ವ್ಯಾಪಾರ ಶುರುವಾಯಿತೆಂದು ತಿಳಿಯಿರಿ. ಅಂಗನವಾಡಿಗೆ ಕಳಿಸುವ ಹಾಗಿಲ್ಲ ಎಂದಳು; ಅಮ್ಮ ಇರುವ ಮನೆಯ ಕೂಸು ಬೇರೆ ಮಕ್ಕಳ ನಡುವೆ ಹೋಗಬಾರದು. ಸಿಸ್ಟರ್ ಕೂಡ ಅದನ್ನೇ ಹೇಳುತ್ತಿದ್ದರು, ಬೇರೆ ಕಾರಣಕ್ಕೆ. ಒಪ್ಪಿದೆ. ಸೂಜಿ ಹಾಕುವ ಅಮ್ಮ ಚಪ್ಪಲಿ ಬಿಟ್ಟು, ಬೇವಿನ ನೀರಲ್ಲಿ ಕಾಲು ತೊಳೆಯಬೇಕು. ಒಪ್ಪಿದೆ. ಮೂರನೆಯದರಲ್ಲಿ ಸಿಕ್ಕಿಬಿದ್ದೆ.

“ಮಗು ಅಳೋ ಸದ್ದು ಅಮ್ಮೋರ ಕಿವೀಗ್ ಬೀಳ್ಬಾರ್ದು. ಬಿದ್ರೆ ಉರೀತಾರೆ. ದೊಡ್ಡೋಳಿಗೆ ಜಾಸ್ತಿ ಆತದೆ.”

ಸೂಜಿ ಚುಚ್ಚಿದರೆ ಅಳದ ಮಗು ಯಾವುದು? ಆಶಾ ನನ್ನ ಮುಖ ನೋಡಿದಳು. ಅಳುವುದಿಲ್ಲ ಎಂದು ನಾನು ಮಾತು ಕೊಡಲಾರೆ. ತೆಳು ತಳದ ಪಾತ್ರೆಯನ್ನು ದಪ್ಪ ಎಂದು ನಾನು ಮಾರಿದವಳಲ್ಲ. ಬೀದಿ ನೋಡಿದೆ. ಊರಿನ ಆಚೆ ತುದಿಯಲ್ಲಿ ಹಾಲಿನ ಡೈರಿ, ಬೆಳಗಿನ ಹಾಲು ಹೋದ ಮೇಲೆ ಸಂಜೆಯವರೆಗೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮುಂದುಗಡೆ ಕಲ್ಲಿನ ಕಟ್ಟೆ.

“ಅವ್ವಾ, ಡೈರಿ ಕಟ್ಟೆ ಮೇಲೆ ಹಾಕಿದ್ರೆ ಇಲ್ಲಿಗೆ ಕೇಳಿಸ್ತದಾ?”

“ಡೈರಿಯೋನು ಮೈಕಲ್ಲಿ ಕೂಗುದ್ರೇ ನಂಗೆ ಕೇಳ್ಸಲ್ಲ,” ಅಂದಳು ಅವ್ವ.

“ನಿಮಗಲ್ಲ, ಅಮ್ಮೋರಿಗೆ.”

ಅವ್ವ ಸೊಸೆಯ ಕಡೆ ತಿರುಗಿದಳು. ಅಷ್ಟು ಹೊತ್ತೂ ಬಾಗಿಲ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದ ಆ ಹುಡುಗಿ, ನಾನು ಡೈರಿ ಎಂದಾಗಲೇ ಮಗುವಿಗೆ ಉಣ್ಣೆಯ ಟೋಪಿ ಕಟ್ಟಿ ಮುಗಿಸಿದ್ದಳು. ಅತ್ತೆ ಅದನ್ನು ನೋಡಿದಳು. “ಅವ್ಳು ಆಗ್ಲೇ ಒಂಟವಳೆ,” ಅಂದಳು. “ಓಗಿ. ನಾ ದೊಡ್ಡೋಳ ತಾವ ಇರ್ತೀನಿ.”

ನಾನು ಅಷ್ಟಕ್ಕೆ ಬಿಡಲಿಲ್ಲ. ಕೈ ಕುಲುಕುವ ಹೊತ್ತಿನಲ್ಲೇ ಇನ್ನೊಂದನ್ನು ಸೇರಿಸಿಬಿಡಬೇಕು. “ಆಮೇಲೆ ಸಿಸ್ಟರ್ ಬಂದು ದೊಡ್ಡವಳನ್ನ ಬಾಗಿಲಿಂದಲೇ ನೋಡ್ತಾರೆ. ಬಾಯಿಗೆ ಒಂದು ಹನಿ ಹಾಕ್ತಾರೆ, ಕಣ್ಣಿಗೆ ಒಳ್ಳೇದು. ಉಸಿರು ಏದುಸಿರಾದ್ರೆ, ನೀರು ಕುಡೀದಿದ್ರೆ ಆಸ್ಪತ್ರೆಗೆ.”

“ಸೂಜಿ ಅಲ್ವಲ್ಲ?”

“ಅಲ್ಲ.”

“ಬಲೇ ಇದ್ದೀಯ ನೀನು. ಆಗ್ಲಿ.”

ಸಿಸ್ಟರ್ ಉಳಿದ ಮಕ್ಕಳನ್ನೆಲ್ಲ ಮುಗಿಸಿ ಡಬ್ಬಿ ಎತ್ತಿಕೊಂಡು ಬಂದರು. ಷರತ್ತು ಕೇಳಿ ಹುಬ್ಬೇರಿಸಿದರು. “ಕಾಲಿಗೆ ಎಷ್ಟು ಬೇಕಾದ್ರೂ ಅರಿಶಿಣ ಹಚ್ಚಲಿ. ನನ್ನ ಕೈಗೂ ಮಗೂ ತೋಳಿಗೂ ಮಾತ್ರ ಬೇಡ,” ಎಂದು ಚಪ್ಪಲಿ ಬಿಟ್ಟರು. ಡೈರಿ ಕಟ್ಟೆಯ ಮೇಲೆ ತಾಯಿ ಕೂತಳು. ಗಂಟೆ ಎರಡು ಹತ್ತು. ನಾನು ಮಗುವಿನ ಕಾಲು ಹಿಡಿದೆ. ಸೂಜಿ ಹೋಗಿ ಬಂದದ್ದೇ ಗೊತ್ತಾಗಲಿಲ್ಲ, ಅಳು ಗೊತ್ತಾಯಿತು. ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಎಮ್ಮೆ ಕೂಡ ಕತ್ತೆತ್ತಿ ನೋಡಿತು. ಆ ಹುಡುಗಿ ಮಗುವನ್ನು ಎದೆಗೆ ಅವುಚಿಕೊಂಡು ತಾನೂ ಅತ್ತಳು. ಸಿಸ್ಟರ್ ಅರ್ಧ ಗಂಟೆ ಅಲ್ಲೇ ಕೂರಿಸಿದರು. ಒದ್ದೆ ಸೀರೆಯಲ್ಲಿ ಬಿಸಿಲು ಕಾಯಿಸುತ್ತ ನಾನೂ ಕೂತೆ. ಸ್ವಂತ ಅಂಗಡಿ ಇಟ್ಟ ದಿನ ನನಗೆ ಆಗಿದ್ದ ಸಂತೋಷಕ್ಕಿಂತ ಇದು ಕಡಿಮೆಯದಲ್ಲ ಎಂದು ಅನ್ನಿಸಿತು.

ಹಿಂತಿರುಗಿದಾಗ ಅವ್ವ ಹೊಸ್ತಿಲಲ್ಲಿ ಕಾಯುತ್ತಿದ್ದಳು.

“ಅತ್ತಾ?”

“ಅತ್ತ. ಚೆನ್ನಾಗೇ ಅತ್ತ.”

“ಇಲ್ಲಿಗ್ ಕೇಳ್ಸಲಿಲ್ಲ,” ಎಂದು ಮೊಮ್ಮಗನನ್ನು ಇಸಿದುಕೊಂಡಳು.

ಸಿಸ್ಟರ್ ಹೊಸ್ತಿಲಾಚೆ ನಿಂತೇ ಹಿರಿಯವಳನ್ನು ಬಾಗಿಲಿಗೆ ಕರೆಸಿ ನೋಡಿ, ಹನಿ ಹಾಕಿ, ಅವಳನ್ನು ಬೇರೆ ಚಾಪೆಯಲ್ಲಿ ಮಲಗಿಸಲು ಹೇಳಿ ಬಂದರು. ಆಶಾ ಪಟ್ಟಿಯ ಕೊನೆಯ ಸಾಲಿಗೆ ಗುರುತು ಹಾಕಿದಳು.

ಸಂಜೆ ಮನೆ ಸೇರಿದಾಗ ನೀಲಿ ಸೀರೆ ಪಟ್ಟೆ ಪಟ್ಟೆ ಹಳದಿಯಾಗಿತ್ತು. “ಏನೇ ಇದು, ಯಾರ ಮದ್ವೆ ಅರಿಶಿಣಕ್ಕೆ ಓಗಿದ್ದೆ?” ಅಂದರು ನಮ್ಮವರು. ಕಥೆಯನ್ನೆಲ್ಲ ಹೇಳಿದೆ. ಕಾಫಿ ಮಾಡಿಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು, ಒಂದು ಕುಕ್ಕರ್ ಹೋಯಿತಂತೆ, ಜೊತೆಗೆ ಎರಡು ಸೌಟೂ ಹೋದವಂತೆ. ಸೀರೆಯನ್ನು ಸೋಪಿನ ನೀರಲ್ಲಿ ನೆನೆಹಾಕಿದೆ. ಕಲೆ ಪೂರ್ತಿ ಹೋಗಲಿಲ್ಲ.

ಮುಂದಿನ ದಿನಗಳಲ್ಲಿ ಅಂಗಡಿಯಲ್ಲಿ ಕೂತರೂ ನನ್ನ ಕಿವಿ ಫೋನಿನ ಕಡೆಗೇ. ಆ ಮಗುವಿಗೆ ಬಂದುಬಿಟ್ಟರೆ ಅವ್ವ ಸೂಜಿಯನ್ನು ಬೈಯುತ್ತಾಳೆ, ಊರು ಅವ್ವನ ಮಾತು ಕೇಳುತ್ತದೆ, ಆಶಾ ಇನ್ನು ಯಾವ ಬಾಗಿಲಿಗೂ ಹೋಗುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೈಯಲ್ಲಿ ಹಿಡಿದಿದ್ದ ಆ ಪುಟ್ಟ ಕಾಲಿನ ಬಿಸಿ ನೆನಪಾಗುತ್ತಿತ್ತು. ಎರಡು ವಾರ ಕಳೆದ ಮೇಲೆ ಆಶಾ ಫೋನ್ ಮಾಡಿದಳು.

“ದೊಡ್ಡೋಳು ಎದ್ದು ಓಡಾಡ್ತಾವಳೆ ಅಕ್ಕ. ಬೇವು ತೆಗ್ದು, ತಲೆಗೆ ನೀರಾಕಿ, ಮೊಸರನ್ನ ಎಡೆ ಇಟ್ರು. ಚಿಕ್ಕೋನಿಗೆ ಒಂದು ಗುಳ್ಳೆನೂ ಬರ್ಲಿಲ್ಲ.”

ಅಂಗಡಿಯಲ್ಲಿ ಗಿರಾಕಿ ಇದ್ದರು. ನಾನು ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡೆ.

“ಇನ್ನೊಂದು ಐತೆ ಅಕ್ಕ. ಒಂದೂವರೆ ವರ್ಷಕ್ಕೆ ಹಾಕೋ ಸೂಜಿ ಯಾವ ತಿಂಗ್ಳು ಅಂತ ಅವ್ವಾನೇ ಬಂದು ಕೇಳುದ್ಲು. ಆದ್ರೆ ಅಂಗನವಾಡಿಗೆ ಬರಲ್ವಂತೆ. ಡೈರಿ ಕಟ್ಟೆ ಮ್ಯಾಗೇ ಆಕ್ಬೇಕಂತೆ, ಆ ಜಾಗ ಮಗೀಗೆ ಒಳ್ಳೇದಾಯ್ತಂತೆ. ಸಿಸ್ಟರ್ ಬೈತಾವ್ರೆ. ಏನ್ ಏಳ್ಳಿ?”

“ಗಿರಾಕಿ ತಾನಾಗಿ ಬಂದವ್ಳೆ, ಜಾಗಕ್ಕೆ ಯಾಕೆ ಜಗಳ?” ಅಂದೆ. “ಒಪ್ಕೋ.”